ಇಬ್ಬರಿಗಾಗುವಷ್ಟು ಅನ್ನ

ನಮ್ಮ ಎದುರು ಬಾಗಿಲಿನವರನ್ನು ಇಡೀ ಕಟ್ಟಡ ಕ್ಯಾಂಟೀನಕ್ಕ ಎಂದೇ ಕರೆಯುತ್ತದೆ. ಹರೆಯದಲ್ಲಿ ಬಟ್ಟೆ ಗಿರಣಿಯ ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಸೇರಿದವರು, ತಲೆ ನರೆಯುವ ಹೊತ್ತಿಗೆ ದೊಡ್ಡ ಒಲೆಯ ಯಜಮಾನಿಯಾಗಿ ನಿವೃತ್ತರಾದರು. ಮೂರು ಪಾಳಿಯ ಜನ ಅವರ ಕೈಯಲ್ಲಿ ಉಂಡಿದ್ದಾರೆ. ಅವರ ಅನ್ನದ ಕೊಪ್ಪರಿಗೆಯಲ್ಲಿ ಒಬ್ಬ ಮನುಷ್ಯ ಕೂತು ಸ್ನಾನ ಮಾಡಬಹುದಿತ್ತಂತೆ. ಸೌಟೆಂದರೆ ದೋಣಿಯ ಹುಟ್ಟಿನಷ್ಟು ಉದ್ದ. ಅದನ್ನು ತಿರುವಿ ತಿರುವಿ ಬಲದ ತೋಳು ಎಡದ್ದಕ್ಕಿಂತ ದಪ್ಪವಾಗಿದೆ. ರವಿಕೆ ಹೊಲಿಸುವಾಗ ದರ್ಜಿಗೆ ಎರಡು ತೋಳಿಗೂ ಬೇರೆ ಬೇರೆ ಅಳತೆ ಕೊಡುತ್ತಾರೆ.

ಅವರ ಗಂಡ ಗಡಿಯಾರ ರಿಪೇರಿ ಮಾಡುವವರು. ಬೀದಿಯ ತಿರುವಿನಲ್ಲಿ ಕಿಟಕಿಯಷ್ಟೇ ಅಗಲದ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂತಿರುತ್ತಿದ್ದರು. ಅಕ್ಕನ ಗಂಡನಾದ್ದರಿಂದ ನನಗೆ ಅವರು ಗಡಿಯಾರದ ಭಾವ.

ಮೂರು ಪಾಳಿಗೆ ಬೇಯಿಸುವ ಹೆಂಗಸು ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ ಎಂದರೆ ಹೊಸಬರು ನಂಬುವುದಿಲ್ಲ. ಬೆಳಗಿನ ಜಾವ ಹೋದವರು ಮನೆಗೆ ಬರುವಷ್ಟರಲ್ಲಿ ನಿಲ್ಲಲೂ ತ್ರಾಣವಿರುತ್ತಿರಲಿಲ್ಲ. ಹಾಗಾಗಿ ಮದುವೆಯಾದ ವರ್ಷವೇ ಭಾವ ಅಡುಗೆಮನೆಯನ್ನು ತಮ್ಮದು ಮಾಡಿಕೊಂಡಿದ್ದರು. ಇಬ್ಬರಿಗಾಗುವ ಪುಟ್ಟ ಪಾತ್ರೆ, ಪುಟ್ಟ ಬಾಣಲೆ, ಸಣ್ಣ ಉರಿ. ಅನ್ನ, ಬೇಳೆ, ಆಲೂಗಡ್ಡೆ, ಮೊಟ್ಟೆ. ದಿನವೂ ಇವುಗಳಲ್ಲೇ ಅದಲುಬದಲು. ಅಕ್ಕ ಕೈಕಾಲು ತೊಳೆದು ಬಂದು ಕೂತರೆ ತಟ್ಟೆ ಬಿಸಿಯಾಗಿ ಎದುರಿಗೆ ಬರುತ್ತಿತ್ತು. ಮಕ್ಕಳಾಗಲಿಲ್ಲ. ಅದರ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಯೊಳಗಿನ ಗಡಿಯಾರಗಳು ಮಾತ್ರ ಒಂದೊಂದು ಹೊತ್ತಿಗೆ ಒಂದೊಂದು ಗಂಟೆ ಹೊಡೆಯುತ್ತ ಸಂಸಾರದಂತೆ ಗದ್ದಲ ಮಾಡುತ್ತಿದ್ದವು.

ಅಕ್ಕ ನಿವೃತ್ತರಾದ ವರ್ಷವೇ ಭಾವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅದು ಎರಡು ಸಲದ ಕೆಲಸ. ಮೊದಲನೆಯದು ಮುಗಿಸಿ ಡಾಕ್ಟರು ಹೇಳಿ ಕಳಿಸಿದ್ದರು: ಮನೆಯಲ್ಲಿ ಚೆನ್ನಾಗಿ ಉಂಡು ಮೈಯಲ್ಲಿ ಶಕ್ತಿ ಬರಿಸಿಕೊಳ್ಳಿ, ಆಮೇಲೆ ಎರಡನೆಯದು. ಮೆತ್ತಗಿನ ಊಟ ಇರಲಿ. ತಡ ಮಾಡಿದಷ್ಟೂ ಒಳ್ಳೆಯದಲ್ಲ.

"ಊಟದ ಚಿಂತೆ ನನಗೆ ಬಿಡಿ ಡಾಕ್ಟ್ರೇ," ಎಂದು ಅಕ್ಕ ಎದೆ ತಟ್ಟಿಕೊಂಡು ಬಂದಿದ್ದರು. "ಊರಿಗೇ ಉಣಿಸಿದೋಳು, ಇವರೊಬ್ಬರಿಗೆ ಉಣಿಸೋದು ಏನು ಮಹಾ!"

ಆದರೆ ಭಾವ ಉಣ್ಣಲಿಲ್ಲ. ಎರಡು ತುತ್ತಿಗೆ ಕೈ ನಿಲ್ಲಿಸಿ, "ಹಸಿವೇ ಇಲ್ಲ ಕಣೇ," ಎನ್ನುತ್ತಿದ್ದರು. ಅಕ್ಕ ಮೂರನೆಯ ತುತ್ತಿಗೆ ಬೇಡುತ್ತಿದ್ದರು, ಗದರುತ್ತಿದ್ದರು, ಕೊನೆಗೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ದಿನದಿನಕ್ಕೆ ಭಾವನ ಕೊರಳ ಸುತ್ತ ಅಂಗಿಯ ಕಾಲರು ಸಡಿಲವಾಯಿತು. ತಪಾಸಣೆಗೆ ಹೋದಾಗ ಡಾಕ್ಟರು ಮುಖ ಗಂಟಿಕ್ಕಿಕೊಂಡು, ಹೀಗಾದರೆ ಕತ್ತರಿ ಹಿಡಿಯಲು ನನಗೆ ಧೈರ್ಯವಿಲ್ಲ, ಮುಂದಿನ ವಾರ ನೋಡುತ್ತೇನೆ ಎಂದರಂತೆ. ಆ ಸಂಜೆ ಅಕ್ಕ ನಮ್ಮ ಮನೆಗೆ ಬಂದು ಕೂತರು. "ರೋಗ ಅವರ ಹಸಿವನ್ನೂ ತಿಂದುಹಾಕ್ತಿದೆ," ಎಂದರು. ಅವರು ಎದ್ದು ಹೋದ ಮೇಲೆ ನಾನು ದೇವರ ಮುಂದೆ ನಿಂತು ಆ ಮನುಷ್ಯನಿಗೆ ಹಸಿವು ಕೊಡು ಎಂದು ಬೇಡಿಕೊಂಡೆ.

ದೇವರು ಭಾವನ ತಂಗಿಯನ್ನು ಕಳಿಸಿದ.

ಆಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿರುವವರು. ನಾಲಿಗೆ ಎಷ್ಟು ಹರಿತವೋ ಅಣ್ಣನ ಮೇಲೆ ಪ್ರಾಣವೂ ಅಷ್ಟೇ. ಬಂದವರೇ ಅಣ್ಣನ ಜೊತೆ ಊಟಕ್ಕೆ ಕೂತರು. ಅಕ್ಕ ಬಡಿಸಿದರು. ಮುರಿದುಹೋದ ಬಾಗಿಲ ಚಿಲಕದ ವಿಷಯ ಮಾತಾಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ತಂಗಿ ಒಂದು ತುತ್ತು ಬಾಯಿಗಿಟ್ಟರು, ಅಗಿದರು, ಅಣ್ಣನ ಮುಖ ನೋಡಿದರು. ಅಣ್ಣ ತಟ್ಟೆ ನೋಡುತ್ತಿದ್ದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಅನ್ನ ಅಂತೀರಾ, ಅಕ್ಕಿಗೆ ಬಿಸಿನೀರು ಸ್ನಾನ ಅಂತೀರಾ?"

"ಯಾಕೆ, ಏನಾಗಿದೆ?"

"ಏನಾಗಿದೆ? ನನ್ನ ಹಲ್ಲು ಗಟ್ಟಿ ಇದೆ, ಕಡಕಡ ಅಗಿದೆ. ಈ ಆಲೂಗಡ್ಡೆ ನೋಡಿ, ಹೊರಗೆ ಗಂಜಿ, ಒಳಗೆ ಕಲ್ಲು. ಹೊಟ್ಟೆ ಕೊಯ್ಸಿಕೊಂಡೋನಿಗೆ ಇದನ್ನ ಹಾಕ್ತಾರಾ?"

ಅಕ್ಕ ತಟ್ಟೆಯಿಂದ ಒಂದು ಅಗುಳು ಎತ್ತಿ ಬೆರಳಲ್ಲಿ ಹಿಚುಕಿದರು. ನಡುವೆ ಬಿಳಿಯ ಚುಕ್ಕೆ ಉಳಿಯಿತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಇಷ್ಟು ದಿನ ಅವರಿಗೇಕೆ ತಿಳಿಯಲಿಲ್ಲ ಎಂದರೆ, ಅವರು ಕೂತು ಉಂಡವರೇ ಅಲ್ಲ. ಎಲ್ಲರದೂ ಮುಗಿದ ಮೇಲೆ ಉಳಿದದ್ದಕ್ಕೆ ಬಿಸಿನೀರು ಸುರಿದು, ನಿಂತಲ್ಲೇ ನುಂಗುವುದು ಕ್ಯಾಂಟೀನಿನ ಅಭ್ಯಾಸ. ದಿನವಿಡೀ ಹಬೆಯಲ್ಲಿ ನಿಂತವರಿಗೆ ಹೊಟ್ಟೆ ಇರುತ್ತದೆ, ನಾಲಿಗೆ ಇರುವುದಿಲ್ಲ ಎಂದು ಅವರೇ ನಗುತ್ತಿದ್ದರು.

"ನೀವ್ಯಾಕ್ರೀ ಹೇಳ್ಲಿಲ್ಲ?" ಅಕ್ಕ ಗಂಡನನ್ನು ಕೇಳಿದರು.

ಭಾವ ಬಾಯಿ ಒರೆಸಿಕೊಂಡರು. "ಅಷ್ಟು ಜನ ಉಂಡ ಕೈ. ನಾನೊಬ್ಬ ಏನು ಹೇಳ್ಲಿ? ಮೊದಲನೇ ಸಲ ನನಗೋಸ್ಕರ ಒಲೆ ಮುಂದೆ ನಿಂತಿದ್ದೀಯ."

"ಆ ಅಷ್ಟು ಜನಾನೂ ನನ್ನ ಮುಖಕ್ಕೆ ಒಂದು ಮಾತು ಹೇಳಿದೋರಲ್ಲ. ದೂರಿದ್ರೆ ಮ್ಯಾನೇಜರ ಹತ್ರ ಹೋಗ್ತಿದ್ರು. ನೀವೂ ಹೇಳ್ದೆ ಹೋದ್ರೆ ನನಗೆ ಇನ್ಯಾರು ಹೇಳ್ಬೇಕು? ಹೇಳ್ದೇನೇ ಸಾಯ್ತಿದ್ರಾ?"

ತಂಗಿ ಎದ್ದು ಕೈ ತೊಳೆದು ಬಂದರು. ಧ್ವನಿ ಇಳಿದಿತ್ತು. "ಅತ್ತಿಗೆ, ನಿಮ್ಮನ್ನ ಅಂದು ನನಗೇನು ಸಿಗುತ್ತೆ? ಭಾನುವಾರ ಕಾರು ಮಾಡ್ಕೊಂಡು ಬರ್ತೀನಿ. ಆಪರೇಷನ್ ತನಕ ಅಣ್ಣ ನಮ್ಮನೇಲಿರ್ಲಿ. ನೀವೂ ಬನ್ನಿ ಅನ್ನೋಕೆ ನಮ್ಮದು ಒಂದೇ ಕೋಣೆ, ನಿಮಗೆ ಗೊತ್ತಲ್ಲ."

ಈ ದಂಪತಿ ಆಸ್ಪತ್ರೆಯ ದಿನಗಳನ್ನು ಬಿಟ್ಟರೆ ಬೇರೆ ಬೇರೆ ಸೂರಿನಡಿ ಮಲಗಿದವರಲ್ಲ. ಆಸ್ಪತ್ರೆಯಲ್ಲೂ ಅಕ್ಕ ವರಾಂಡದ ಬೆಂಚಿನ ಮೇಲೇ ಇದ್ದರು. ಕಾರು ಬೇಡ ಎನ್ನಲು ಭಾವನಿಗೆ ಬಾಯಿ ಬರಲಿಲ್ಲ. ಕಾರು ಬೇಡ ಎನ್ನುವ ಹಕ್ಕು ತನಗುಂಟೇ ಎಂದು ಅಕ್ಕನಿಗೆ ಅನುಮಾನ.

ಮರುದಿನ ಬೆಳಿಗ್ಗೆ ಭಾವ ಬೆತ್ತದ ಕುರ್ಚಿಯನ್ನು ಅಡುಗೆಮನೆಯ ಹೊಸ್ತಿಲಿಗೆ ಎಳೆಸಿದರು. ಎಳೆದವಳು ನಾನೇ. ಹೊದಿಕೆ ಹೊದ್ದು ಕೂತು, "ಏನು ಕೆಟ್ಟಿದೆ ಅಂತ ಗೊತ್ತಾಗ್ದೆ ನಾನು ಗಡಿಯಾರ ಬಿಚ್ಚಲ್ಲ. ನೀನು ದಿನಾ ಮಾಡೋ ಹಾಗೇ ಮಾಡು. ನಾನು ನೋಡ್ತೀನಿ," ಎಂದರು.

ಅಕ್ಕ ಅಕ್ಕಿ ತೊಳೆದರು, ನೀರಿಟ್ಟರು. ಕುದಿ ಬಂದು ಸ್ವಲ್ಪ ಹೊತ್ತಿಗೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಅದರ ಮೇಲೊಂದು ಭಾರ ಹೇರಿ, ಕೈ ಒರೆಸಿಕೊಂಡರು.

"ಒಲೆ ಯಾಕೆ ಆರಿಸ್ದೆ?"

"ಇನ್ನೇನ್ರೀ, ಮಿಕ್ಕಿದ್ದು ಅದರ ಪಾಡಿಗೆ ಅದೇ ಬೇಯುತ್ತೆ. ಕೊಪ್ಪರಿಗೇಲಿ ಪೂರ್ತಿ ಬೇಯೋ ತನಕ ಉರಿ ಇಟ್ರೆ ಬಡಿಸೋ ಹೊತ್ತಿಗೆ ಅಂಟಾಗಿರುತ್ತೆ."

ಭಾವ ನಕ್ಕರು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. "ಸಿಕ್ತು ಬಿಡು! ನಿನ್ನ ಕೊಪ್ಪರಿಗೆ ಸಾಹುಕಾರ ಕಣೇ, ಶಾಖಾನ ಹೊಟ್ಟೇಲಿ ಕೂಡಿಟ್ಕೊಂಡಿರುತ್ತೆ. ಇದು ಕೂಲಿಯವನ ಮನೆ ಪಾತ್ರೆ. ದುಡಿದಿದ್ದು ಅವತ್ತೇ ಖರ್ಚು. ಒಲೆ ಆರಿಸಿದ್ರೆ ಇದೂ ಆರಿಹೋಗುತ್ತೆ."

ಅಕ್ಕ ಪಾತ್ರೆಯನ್ನೂ ಗಂಡನನ್ನೂ ನೋಡಿದರು. "ಇಷ್ಟೇನಾ?"

"ಇಷ್ಟೇ. ಹಚ್ಚು ಒಲೆ. ಸಣ್ಣಗೆ. ಈಗ ಕಿವಿಗೊಡು. ನೀರಿದ್ದಾಗ ಗಲಾಟೆ ಮಾಡುತ್ತೆ, ನೀರು ಇಳಿದ ಮೇಲೆ ಪಿಸುಮಾತು. ಚಟಚಟ ಅಂತು ಅಂದ್ರೆ ತಳ ಹಿಡೀತು ಅಂತ."

"ಹಬೆ ಎಳೆಯೋ ಫ್ಯಾನಿನ ಸದ್ದಲ್ಲಿ ನನ್ನ ಅರ್ಧ ಕಿವಿ ಹೋಗಿದೆ. ಪಿಸುಮಾತು ಎಲ್ಲಿ ಕೇಳುತ್ತೆ?"

"ಅದಕ್ಕೇ ನಾನು ಮನಸ್ಸಲ್ಲೇ ಗೊಣಗಿದ್ದೂ ನಿನಗೆ ಕೇಳಿಸ್ತಿರಲಿಲ್ಲ. ಹೋಗಲಿ, ಕಣ್ಣಿದೆಯಲ್ಲ. ಮುಚ್ಚಳ ಓರೆ ಮಾಡು. ಅನ್ನದ ಮೇಲೆ ಇರುವೆ ಗೂಡಿನ ಥರ ತೂತು ಬಿದ್ದಿವೆಯಾ? ಬಿದ್ದಿದ್ರೆ ಮುಚ್ಚು, ಉರಿ ಇನ್ನೂ ಇಳಿಸು. ತೂತಲ್ಲಿ ನೀರು ಕಾಣದ ಹಾಗಾದ ಮೇಲೆ ಆರಿಸು. ತಟ್ಟೆ ಲೋಟ ತೊಳೆಯೋ ತನಕ ಮುಟ್ಟಬೇಡ."

ಆ ಅನ್ನ ಬೆಂದಿತ್ತು. ತಳ ಸ್ವಲ್ಪ ಹಿಡಿದಿತ್ತು, ಅದು ಬೇರೆ ಮಾತು.

ಹೀಗೆ ಆ ವಾರ ಹೊಸ್ತಿಲಲ್ಲಿ ಪಾಠ ನಡೆಯಿತು. ನಮ್ಮ ಬಾಗಿಲು ತೆರೆದರೆ ಎಲ್ಲ ಕೇಳುತ್ತಿತ್ತು. ಬೇಳೆ ಪೂರ್ತಿ ಮೆತ್ತಗಾಗುವ ಮೊದಲೇ ಹುಳಿ ಹಿಂಡಿದರೆ ಅದು ಮುನಿಸಿಕೊಂಡು ಬೇಯುವುದೇ ಇಲ್ಲ ಎಂದು ಭಾವ ಹೇಳಿದರೆ, "ನಿಮ್ಮ ತಂಗಿ ಥರ," ಎಂದು ಅಕ್ಕ. ಆಲೂಗಡ್ಡೆಯನ್ನು ಒಂದೇ ಗಾತ್ರಕ್ಕೆ ಹೆಚ್ಚಿ ತಣ್ಣೀರಿನಲ್ಲೇ ಹಾಕಿ ಒಲೆಗಿಡಬೇಕು, ನೀರಿನ ಜೊತೆಗೇ ಬಿಸಿಯಾದರೆ ಹೊರಗೂ ಒಳಗೂ ಒಟ್ಟಿಗೆ ಬೇಯುತ್ತದೆ. ಈರುಳ್ಳಿಯದು ದೊಡ್ಡ ರಗಳೆಯಾಯಿತು. ಮೂಟೆಗಟ್ಟಲೆ ಈರುಳ್ಳಿ ಕೊಪ್ಪರಿಗೆಯಲ್ಲಿ ಬೆವರುತ್ತ ಬಿದ್ದಿರುತ್ತದೆ, ಅಷ್ಟರಲ್ಲಿ ಚಹಾ ಕುಡಿದು ಬರಬಹುದು. ಒಂದೇ ಈರುಳ್ಳಿ ಹಾಗಲ್ಲ. ಅಕ್ಕ ಉಪ್ಪಿನ ಡಬ್ಬಿಗೆ ತಿರುಗಿ ಮತ್ತೆ ಈಚೆಗೆ ತಿರುಗುವುದರೊಳಗೆ ಕರಕಲು. "ಅಯ್ಯೋ, ಕಣ್ಣು ಮಿಟುಕಿಸೋಕೂ ಬಿಡಲ್ವಲ್ಲ ಇದು!" ಎನ್ನುವ ಕೂಗು ಮೆಟ್ಟಿಲವರೆಗೂ ಬರುತ್ತಿತ್ತು. ಕೈಯ ಬಲವೂ ಅಡ್ಡಿ. ಒಂದು ಸಲ ಸೌಟು ತಿರುವಿದರೆ ಆಲೂಗಡ್ಡೆ ಹಿಟ್ಟಾಗುತ್ತಿತ್ತು. ಭಾವ ತಮ್ಮ ಚಹಾದ ಚಮಚ ಕೊಟ್ಟು, "ಇದರಲ್ಲಿ ತಿರುವು," ಎಂದರು.

ಮೊದಲ ಸಲಕ್ಕೇ ಸರಿಯಾಗಿ ಬಂದದ್ದು ಒಂದೇ, ಮೊಟ್ಟೆ. ಅಕ್ಕ ಒಡೆದು ಕದಡಿ ಬಾಣಲೆಗೆ ಹಾಕಿ, ಇನ್ನೂ ಹಸಿಹಸಿಯಾಗಿರುವಾಗಲೇ ಹಳೆಯ ಚಾಳಿಯಂತೆ ಒಲೆ ಆರಿಸಿಬಿಟ್ಟರು. ನಾಲಿಗೆ ಕಚ್ಚಿಕೊಂಡು ಮತ್ತೆ ಹೊತ್ತಿಸಲು ಹೋದಾಗ ಭಾವ ಕೈ ಎತ್ತಿ ತಡೆದರು. ಬಾಣಲೆಯ ಬಿಸಿಯಲ್ಲೇ ಮೊಟ್ಟೆ ಹೆಪ್ಪುಗಟ್ಟಿ ಬೆಣ್ಣೆಯಂತಾಯಿತು. "ಇದೊಂದಕ್ಕೆ ನಿನ್ನ ಕ್ಯಾಂಟೀನ್ ವಿದ್ಯೆ ಬೇಕು. ನಾನು ಇಷ್ಟು ವರ್ಷ ಒಂದು ಚೂರು ಹೆಚ್ಚೇ ಬೇಯಿಸ್ತಿದ್ದೆ," ಎಂದರು. ಆ ದಿನ ಅವರು ತಟ್ಟೆ ಬಳಿದು ಉಂಡರು. ಆದರೆ ಅದು ಮೊಟ್ಟೆ. ಬೇಳೆ ಮಾತ್ರ ಒಂದು ದಿನ ಉಪ್ಪು, ಒಂದು ದಿನ ಸಪ್ಪೆ.

ಭಾನುವಾರ ಕಾರು ಬಂದು ಕೆಳಗೆ ನಿಂತಿತು. ತಂಗಿ ಅಣ್ಣನ ಬಟ್ಟೆಗೆಂದು ದೊಡ್ಡ ಖಾಲಿ ಚೀಲ ಹಿಡಿದು ಬಂದರು. "ಉಂಡು ಹೋಗು," ಎಂದರು ಅಕ್ಕ. "ನನಗೆ ಹಲ್ಲು ನೋವು," ಎಂದು ತಂಗಿ ಕೆಣಕಿದರೂ ಕೂತರು. ಅಕ್ಕ ಬಡಿಸಿ ಗೋಡೆಗೆ ಒರಗಿ ನಿಂತರು. ದಪ್ಪ ತೋಳನ್ನು ಸಣ್ಣ ತೋಳಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳುತ್ತಿದ್ದೆ.

ತಂಗಿ ಅಗುಳು ಹಿಚುಕಿ ನೋಡಿದರು. ಆಲೂಗಡ್ಡೆ ಚಮಚದಲ್ಲಿ ಒತ್ತಿದರು, ಅದು ಮೆತ್ತಗೆ ಕುಸಿಯಿತು. ಬೇಳೆ ಕಲಸಿ ಉಂಡರು. ಬೇಕೆಂದೇ ಹುಡುಕಿದಂತೆ ಇನ್ನೊಂದು ತುತ್ತು ಉಂಡರು.

"ಬೇಳೆಗೆ ಉಪ್ಪು ಜಾಸ್ತಿ."

ಅಕ್ಕ ಗಂಡನ ಕಡೆ ತಿರುಗಿದರು. ಭಾವ ತುತ್ತು ನುಂಗಿದರು.

"ಹೌದು, ಜಾಸ್ತಿ ಆಗಿದೆ," ಎಂದು ಹೆಂಡತಿಯ ಮುಖ ನೋಡಿಕೊಂಡೇ ಹೇಳಿದರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದರು. "ಇನ್ನೊಂದು ಸೌಟು ಅನ್ನ ಹಾಕು, ಸರಿಹೋಗುತ್ತೆ."

ಅಕ್ಕ ಹಾಕಿದರು. ಭಾವ ಉಂಡರು. ತಂಗಿ ಅದನ್ನು ನೋಡುತ್ತ ಕಣ್ಣೊರೆಸಿಕೊಂಡು, "ಕಾರಿನವನು ಕಾಯ್ತಿದ್ದಾನೆ. ಬರೀ ಚೀಲ ಹೊತ್ಕೊಂಡು ಹೋದ್ರೆ ನಮ್ಮನೆಯವರು ನಗ್ತಾರೆ. ಆ ಬೇಳೆ ಮಿಕ್ಕಿದ್ರೆ ಡಬ್ಬಿಗೆ ಹಾಕಿ ಅತ್ತಿಗೆ," ಎಂದರು.

"ಮಿಕ್ಕಿದ್ರೆ ಏನು ಬಂತು? ಇಬ್ಬರಿಗೆ ಅಂತ ಮಾಡಿದ್ದು ಇನ್ನೂ ಆರು ಜನಕ್ಕಾಗುತ್ತೆ. ಅದೊಂದು ಮಾತ್ರ ಕೈಗೆ ಬಂದಿಲ್ಲ," ಎಂದು ಅಕ್ಕ ದೊಡ್ಡ ಡಬ್ಬಿಯನ್ನೇ ತಂದರು. ಅಣ್ಣನ ಬಟ್ಟೆಗೆಂದು ಬಂದ ಚೀಲದಲ್ಲಿ ಬೇಳೆಯ ಡಬ್ಬಿ ಹೋಯಿತು.

ಎರಡನೆಯ ಆಪರೇಷನ್ ಕೆಲವು ವಾರ ತಡವಾಗಿಯಾದರೂ ಆಯಿತು. ಡಾಕ್ಟರು ಧೈರ್ಯ ಮಾಡಿದರು, ದೇವರು ಕೈ ಬಿಡಲಿಲ್ಲ. ಬಾಯಿಗೆ ಕೊಡಬಹುದು ಎಂದ ಮೊದಲ ದಿನ ಅಕ್ಕನ ಜೊತೆ ನಾನೂ ಹೋಗಿದ್ದೆ. ತೆಳ್ಳಗಿನ ಗಂಜಿ, ಉಪ್ಪು ಕೂಡದು ಎಂದು ನರ್ಸು ಎರಡೆರಡು ಸಲ ಹೇಳಿದ್ದರು. ಅಕ್ಕ ಚಹಾದ ಚಮಚದಲ್ಲಿ ಗಂಡನ ಬಾಯಿಗೆ ಸ್ವಲ್ಪವೇ ಹಾಕಿದರು.

ಭಾವ ಕಣ್ಣು ಮುಚ್ಚಿಕೊಂಡೇ ಗುಟುಕರಿಸಿದರು. ತುಟಿ ಅಲುಗಿತು. ಕಿವಿ ಮಂದವಾದ ಅಕ್ಕ ಬಗ್ಗಿ, ಕಿವಿಯನ್ನು ಅವರ ಬಾಯಿಗೇ ಹಿಡಿದರು.

"ಸಪ್ಪೆ ಕಣೇ," ಎಂದರು ಭಾವ.

ಅಕ್ಕ ಜೋರಾಗಿ ನಕ್ಕುಬಿಟ್ಟರು. ವಾರ್ಡಿನ ಮಂಚದ ಮೇಲಿದ್ದವರೆಲ್ಲ ತಿರುಗಿ ನೋಡಿದರು. "ಹೇಳಿ, ಹೇಳಿ," ಎನ್ನುತ್ತ ಅಕ್ಕ ಇನ್ನೊಂದು ಚಮಚ ತುಂಬಿಸಿದರು.