ಎದ್ದು ಹೊರಟರೆ ಕರೆಯುತ್ತಾರೆ

ಬೆಲೆಯನ್ನು ಅರಿತವನೇ ಲೋಕವನ್ನು ಅರಿತವನು. ನಾನು ಅರಿತಿದ್ದು ಹೂಕೋಸಿನ ಬೆಲೆ ಮಾತ್ರ.

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ದೋಣಿ ಸ್ಪರ್ಧೆಯ ಕೋಚ್. ಕೆರೆಗೆ ಹೋಗದ ದಿನ ತಾರಸಿಯಲ್ಲಿ ಸ್ಟೂಲಿನ ಮೇಲೆ ಕೂತು, ಪೊರಕೆಯ ಕೋಲು ಹಿಡಿದು ಗಾಳಿಗೇ ಹುಟ್ಟು ಹಾಕುತ್ತಿದ್ದರು. ನಾನು ಏನು ಹೇಳಿದರೂ ಅವರದು ಒಂದೇ ಮಾತು: "ನಿಮಗೆ ಗೊತ್ತಿರುತ್ತೆ ಸಾರ್."

ರೇಸಿಗೆ ಬಳಸುವ ಕಿರಿದಾದ ಕಯಾಕ್ ದೋಣಿ ಹೊಸದಾದರೆ ವಿದೇಶದಿಂದ ಬರಬೇಕು. ವಿಚಾರಿಸಿದಾಗಲೆಲ್ಲ ಬೆಲೆ ಏರಿರುತ್ತಿತ್ತು. ಕಡೆಗೆ ಒಂದು ಕ್ಲಬ್ಬಿನಲ್ಲಿ ಹಳೆಯದೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ಕೋಚ್ ತರಬೇತಿ ಕೊಡುತ್ತಿದ್ದ ಹುಡುಗಿಯೊಬ್ಬಳು ಅದೇ ತಿಂಗಳು ರಾಜ್ಯ ತಂಡದ ಆಯ್ಕೆಗೆ ಸ್ವಂತ ದೋಣಿ ತರಲೇಬೇಕಿತ್ತು. ಮೂವತ್ತು ವರ್ಷ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದವನೆಂದು, ದರ ಮಾತಾಡಲು ನನ್ನನ್ನು ಕರೆದೊಯ್ದರು.

ಕ್ಲಬ್ಬಿನವರು ಹೇಳಿದಷ್ಟು ಹಣವನ್ನು ಕೋಚ್ ತಂದೇ ಇದ್ದರು. ನಾನು ಅರ್ಧಕ್ಕೆ ಕೇಳಿದೆ.

"ಆಗಲ್ಲ ಸಾರ್. ನಾಳೆ ಇನ್ನೊಬ್ರು ನೋಡೋಕೆ ಬರ್ತಿದಾರೆ," ಎಂದರು ಕ್ಲಬ್ಬಿನವರು.

ದೋಣಿಯ ಬೆನ್ನ ಮೇಲಿಟ್ಟ ಕೈಯನ್ನು ಕೋಚ್ ತೆಗೆದಿರಲಿಲ್ಲ. "ಕೊಟ್ಬಿಡೋಣ್ವಾ ಸಾರ್?" ಎಂದು ಪಿಸುಗುಟ್ಟಿದರು.

"ಸುಮ್ನೆ ಬನ್ರೀ. ಎದ್ದು ಹೊರಟ್ರೆ ಅವ್ರೇ ಕರೀತಾರೆ."

"ನಿಮಗೆ ಗೊತ್ತಿರುತ್ತೆ ಸಾರ್."

ಮಾರ್ಕೆಟ್ಟಿನ ಶಾಸ್ತ್ರೋಕ್ತ ನಿಧಾನದಲ್ಲಿ ಗೇಟಿನವರೆಗೆ ನಡೆದೆ. ಯಾರೂ ಕರೆಯಲಿಲ್ಲ. ತಿರುಗಿ ಹೋಗಲು ನನ್ನ ಪ್ರತಿಷ್ಠೆ ಬಿಡಲಿಲ್ಲ. ಕೋಚ್ ಮಾತ್ರ ಎರಡು ಸಲ ಹಿಂದೆ ನೋಡಿದರು.

ಮರುದಿನ ಕ್ಲಬ್ಬಿನವರು ಹೇಳಿದ ದರಕ್ಕೇ ದೋಣಿ ಬೇರೆಯವರ ಪಾಲಾಯಿತು. ಮೆಟ್ಟಿಲಲ್ಲಿ ಸಿಕ್ಕ ಕೋಚ್ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಇನ್ನೊಂದು ಸಿಗುತ್ತೆ ಅಲ್ವಾ? ನಿಮಗೆ ಗೊತ್ತಿರುತ್ತೆ ಸಾರ್," ಎಂದರು.

ಇನ್ನೊಂದು ಸಿಗಲಿಲ್ಲ. ಆಯ್ಕೆಯ ದಿನ ಆ ಹುಡುಗಿ ಸ್ಪರ್ಧಿಸಲಿಲ್ಲ.