ಸೂಜಿಗೆ ಹೊರಟ ಸ್ಲೋ ಲೋಕಲ್

ನಮ್ಮ ಅನ್ವಿ ಇವತ್ತು ರಕ್ತ ಕೊಟ್ಟಳು! ಯುದ್ಧಕ್ಕಲ್ಲ, ಪರೀಕ್ಷೆಗೆ. ನನ್ನ ಕುಂಕುಮದ ಡಬ್ಬಿಯೂ ತುಂಬದಷ್ಟು ರಕ್ತ. ಆದರೂ ಆಸ್ಪತ್ರೆಯಿಂದ ಬರುತ್ತಲೇ ವಾಚ್‌ಮನ್ನಿಗೆ, ಮೇಲಿನ ಮನೆಯಾಕೆಗೆ, ಕೊತ್ತಂಬರಿ ಮಾರುವವಳಿಗೆ, ಎಲ್ಲರಿಗೂ ಹೇಳಬೇಕೆನಿಸಿತು. ಕೊತ್ತಂಬರಿಯವಳು ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ, ಮನೆಯಲ್ಲಿ ಹೆರಿಗೆಯಾಯಿತೆಂದುಕೊಂಡು "ಮುಲಗಾ ಕಿ ಮುಲಗೀ?" ಎಂದು ಗಂಡೋ ಹೆಣ್ಣೋ ಕೇಳಿಬಿಟ್ಟಳು.

ಅನ್ವಿ ನನ್ನ ಮೊಮ್ಮಗಳು, ಏಳು ವರ್ಷ. ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗ ದಿನೇಶ, ಸೊಸೆ ಶುಭಾ, ಅವಳು, ನಾನು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ದಿನ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕೇಳಿದ್ದು ಒಂದೇ ಪ್ರಶ್ನೆ: "ಔಷಧಿ ಊಟಕ್ಕೆ ಮುಂಚೆಯೋ, ಆಮೇಲೋ?" ಔಷಧಿಯಿಂದ ಹೋಗುವಂಥದ್ದಲ್ಲ ಎಂದರು. ಹಾಗಾದರೆ ದೃಷ್ಟಿಯೇ ಸರಿ ಎಂದು ಮನೆಗೆ ಬಂದು ಮೆಣಸು ಸುಟ್ಟೆ. ದೃಷ್ಟಿಯಿದ್ದರೆ ಘಾಟು ಬರಬಾರದು. ನಮ್ಮಲ್ಲಿ ಮೂರನೇ ಮಾಳಿಗೆಯವರೂ ಕೆಮ್ಮಿದರು. ಅಲ್ಲಿಗೆ ದೃಷ್ಟಿಯೂ ಅಲ್ಲವೆಂದು ಸಾಬೀತಾಯಿತು. ವಾಸನೆ, ಸದ್ದು ಎಲ್ಲವೂ ಆ ಮಗುವಿಗೆ ನಮಗಿಂತ ಹೆಚ್ಚು ತಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಅನ್ವಿ ಮಾತಾಡುವುದು ಕಡಿಮೆ. ಆದರೆ ಲೋಕಲ್ ರೈಲಿನ ಸ್ಟೇಷನ್ನುಗಳನ್ನು ಸಾಲಾಗಿ ಹೇಳುತ್ತಾಳೆ. ಗಾಡಿಯೊಳಗೆ ಕೂಗುವ ಹಾಗೆಯೇ ಒಂದೊಂದನ್ನೂ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮೂರು ಸಲ. ಕೇಳಿ ಕೇಳಿ ನನಗೂ ಬಾಯಿಪಾಠ. ಶಾಲೆ ಕಲಿಸದ್ದನ್ನು ನನಗೆ ಲೋಕಲ್ಲೇ ಕಲಿಸಿದ್ದು ಎನ್ನಿ. ಮೂವರ ಸೀಟಿನ ಬಳಿ ನಾಲ್ಕನೆಯವಳು ಬಂದು ನಿಂತರೆ "ಸರಕೋ" ಎಂಬ ಒಂದೇ ಮಾತು ಸಾಕು, ಬೈದುಕೊಂಡಾದರೂ ಮೂವರೂ ಸರಿದು ಅರ್ಧ ಕೂರುವಷ್ಟು ಜಾಗ ಬಿಡುತ್ತಾರೆ. ಅದಕ್ಕಿಂತ ದೊಡ್ಡ ಧರ್ಮವನ್ನು ನಾನು ಯಾವ ಪುರಾಣದಲ್ಲೂ ಕೇಳಿಲ್ಲ.

ಮೂರು ತಿಂಗಳ ಹಿಂದೆ ಮಗು ಬಿಳಿಚಿಕೊಂಡು ಸುಸ್ತಾಗತೊಡಗಿತು. ರಕ್ತ ನೋಡದೆ ಏನೂ ಹೇಳಲಾರೆ ಎಂದರು ಡಾಕ್ಟರು. ಒಂದು ದವಾಖಾನೆಗೆ ಹೋದೆವು. ಅಲ್ಲಿ ನಾಲ್ಕು ಜನ ಅವಳನ್ನು ಅದುಮಿ ಹಿಡಿದರು. ಕಾಲು ಹಿಡಿದವಳು ನಾನೇ. ಶೀಶೆ ಖಾಲಿಯೇ ಉಳಿಯಿತು. ಅಂದಿನಿಂದ ನಾನು ಊಟಕ್ಕೆ ಕೂತರೆ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮಗು ಹಸಿದಿರಬಾರದಲ್ಲ, ನಾನೇ ಅಡಿಗೆಮನೆಯಲ್ಲಿ ಉಣ್ಣತೊಡಗಿದೆ. ಕುಕ್ಕರಿಗೆ ಬೆನ್ನು ಕೊಟ್ಟು ಉಣ್ಣುವುದೂ ಒಂದು ಬಗೆಯ ಸುಖ ಎಂದು ಎಲ್ಲರಿಗೂ ಸುಳ್ಳು ಹೇಳಿದೆ.

ಇವತ್ತಿನ ಆಸ್ಪತ್ರೆಯ ಸಿಸ್ಟರ್ ಮಹಾದೇವಿ ಅಕ್ಕಲಕೋಟೆ ಕಡೆಯವರು. ಸೂಜಿ ತೋರಿಸಲೇ ಇಲ್ಲ. ಟ್ಯೂಬ್‌ಲೈಟ್ ಆರಿಸಿ, ಬಾಗಿಲು ಹಾಕಿ, ಮಗುವಿನ ಕೈಗೆ ಮರಗಟ್ಟಿಸುವ ಮುಲಾಮು ಹಚ್ಚಿ, ನನ್ನ ಎದುರು ಕುಳಿತರು.

"ಆಜಿ, ಈಕಿಗೆ ಏನ್ ಸೇರತೈತಿ, ಏನ್ ಸೇರಂಗಿಲ್ಲ, ಮೊದಲ ಅದನ್ನ ಹೇಳ್ರಿ. ನಾ ಸೂಜಿ ಬಲ್ಲೆ. ಹುಡುಗಿನ್ನ ನೀವು ಬಲ್ಲಿರಿ."

ನನ್ನನ್ನೂ ಒಂದು ಮಾತು ಕೇಳುವವರಿದ್ದಾರೆಯೇ! ಸೊಸೆಯ ಮುಖ ನೋಡಿದೆ. "ಸ್ಟೇಷನ್ ವಿಷಯ ಹೇಳಿ ಅತ್ತೆ," ಎಂದಳು ಶುಭಾ. ಹೇಳಿದೆ. ಕಾಲು ಹಿಡಿದದ್ದನ್ನೂ ಹೇಳಿದೆ, ಸ್ವಲ್ಪ ಮೆಲ್ಲಗೆ.

"ಇವತ್ತ ಯಾರೂ ಹಿಡಿಯೂದು ಬ್ಯಾಡ. ಮುಂದ ಏನಾಗತೈತಿ ಅಂತ ಗೊತ್ತಾದ್ರ ಅರ್ಧ ಅಂಜಿಕಿ ಹೋಗತೈತಿ. ಗಾಡಿ ಬಿಡೂಣು ನಡ್ರಿ."

ಹೀಗೆ ಗಾಡಿ ತಯಾರಾಯಿತು. ಡೊಂಬಿವಲಿ ಬಿಟ್ಟು ಕೋಪರ್ ಸ್ಟೇಷನ್ ಬಂದರೆ ಕೂರುವುದು, ದಿವಾ ಬಂದರೆ ಕೈ ಚಾಚುವುದು, ಮುಂಬ್ರಾದಲ್ಲಿ ತೋಳಿಗೆ ಪಟ್ಟಿ, ಕಲವಾದಲ್ಲಿ ಒದ್ದೆ ಹತ್ತಿ, ಠಾಣೆಯಲ್ಲಿ ಸೂಜಿ. ಅನ್ವಿಗೆ ತೋರಿಸಲು ಮೊದಲ ಪ್ರಯಾಣಿಕಳು ನಾನು. ಮುಂಬ್ರಾದಲ್ಲೇ ಕಣ್ಣು ಮುಚ್ಚಿ "ಅಯ್ಯಯ್ಯೋ ಸತ್ತೆ" ಎಂದೆ.

"ಆಜಿ, ಸೂಜಿ ಇನ್ನೂ ಪಾಕೀಟಿನಾಗ ಐತ್ರಿ!"

ಅನ್ವಿ ಕಿಸಕ್ಕೆಂದಳು. ಮೂರು ತಿಂಗಳ ಮೇಲೆ ನನ್ನ ಕಡೆ ನೋಡಿದಳು.

ಅವಳ ಸರದಿ. ಸ್ಟೇಷನ್ ಕೂಗುವ ಕೆಲಸ ನನ್ನದು. ಕೋಪರ್ ಎಂದೆ, ಕೂತಳು. ಬೇಗ ಮುಗಿದರೆ ಸಾಕೆಂಬ ಗಾಬರಿಯೋ, ಜೀವಮಾನವಿಡೀ ನಡುವೆ ನಿಲ್ಲದ ಫಾಸ್ಟ್ ಗಾಡಿ ಹಿಡಿದ ಚಾಳಿಯೋ, ನಾನು ಒಮ್ಮೆಗೇ "ಠಾಣೆ!" ಎಂದುಬಿಟ್ಟೆ. ಮಗು ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಚೀರಿತು: "ಅಜ್ಜೀ! ಸ್ಲೋ ಹೈ! ಸ್ಲೋ!"

ನಿಜವಲ್ಲವೇ? ಕೋಪರಿನಲ್ಲಿ ನಿಂತ ಗಾಡಿ ದಿವಾ ಬಿಟ್ಟು ಓಡುವುದುಂಟೆ? ತಪ್ಪು ನನ್ನದು. ಆದರೆ ಬೈಗುಳದಲ್ಲಿ 'ಅಜ್ಜೀ' ಇತ್ತು, ಅದನ್ನು ನಾನು ಸೆರಗಿಗೆ ಕಟ್ಟಿಕೊಂಡೆ. ಸಿಸ್ಟರ್ ಗಾಡಿಯನ್ನು ಮತ್ತೆ ಡೊಂಬಿವಲಿಗೆ ತಂದರು. ಈ ಸಲ ಒಂದೊಂದು ಸ್ಟೇಷನ್ನಿನಲ್ಲೂ ನಿಂತು, ಮೂರು ಮೂರು ಸಲ ಕೂಗಿ, ಠಾಣೆ ತಲುಪಿದೆವು. ಅವಳು ಕಣ್ಣು ಪಿಳುಕಿಸದೆ ಶೀಶೆ ತುಂಬುವುದನ್ನೇ ನೋಡಿದಳು. ಇಂಗ್ಲಿಷಿನ ಠಾಣೆ ಮುಗಿಯುವಷ್ಟರಲ್ಲಿ ಹತ್ತಿ ಒತ್ತಿಯಾಗಿತ್ತು. ನನಗೆ ಮಾತ್ರ ನೀರು ಕುಡಿಸಬೇಕಾಯಿತು.

ಸಂಜೆ ಬಸಳೆ ಹುಳಿ ಮಾಡಿ ಹಪ್ಪಳ ಕರಿದೆ. ಚಾಪೆಯ ಮೇಲೆ ಕಿಟಕಿ ಪಕ್ಕ ಅನ್ವಿ, ಮಧ್ಯೆ ಶುಭಾ, ಕೊನೆಗೆ ದಿನೇಶ. ಚಾಪೆ ಅಷ್ಟೇ ಉದ್ದ. ನಾನು ತಟ್ಟೆ ಹಿಡಿದು ಅಡಿಗೆಮನೆಯ ಕಡೆ ತಿರುಗಿದೆ.

"ಪಪ್ಪಾ, ಸರಕೋ."

ದಿನೇಶ ಬಾಯಲ್ಲಿದ್ದ ಹಪ್ಪಳ ಹಾಗೇ ಬಿಟ್ಟು ಸರಿದ. ನಾನು ಕೂತೆ.

"ಅಮ್ಮಾ, ಅರ್ಧ ನೆಲದ ಮೇಲಿದ್ದಿ. ಸರಿಯಾಗಿ ಕೂತ್ಕೊ."

"ಸುಮ್ನಿರು ಮಾರಾಯ. ನಾಲ್ಕನೇ ಸೀಟು ಅಂದ್ರೆ ಇಷ್ಟೇ," ಎಂದು ಒಂದು ಕಾಲು ಹೊರಗಿಟ್ಟುಕೊಂಡೇ ಮೂರು ಸಲ ಅನ್ನ ಹಾಕಿಸಿಕೊಂಡೆ.