ತಾಳೆ ನೋಡದ ಪ್ರೋಗ್ರಾಮ್

ಹೆಂಡತಿ ತೀರಿಕೊಂಡ ಮೇಲೆ, ಅವಳು ಪುರವರದ ಶಾಲೆಯ ಸರ್ವರಿನಲ್ಲಿ ಇಟ್ಟಿದ್ದ ಗಣಿತ ಪಾಠಗಳ ರೆಕಾರ್ಡಿಂಗ್‌ಗಳನ್ನು ಮಧುಗಿರಿಯ ಮನೆಗೆ ತರಿಸಿಕೊಳ್ಳಲು ಸಣ್ಣ ಪ್ರೋಗ್ರಾಮ್ ಬರೆದೆ. ಅದು ಸರ್ವರನ್ನು ಪದೇಪದೇ ಕೇಳುವುದಿಲ್ಲ. ಪಾಠ ಬಂದರೆ ಏನು, ದೋಷ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟರೆ ಸುಮ್ಮನೆ ಕಾಯುತ್ತದೆ. ಬಂದದ್ದು ದೋಷ: ಇದು ಅಸಲಿ ಸರ್ವರೇ ಎಂದು ಖಾತ್ರಿಪಡಿಸುವ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದಿದೆ, ನಂಬಲಾಗದು. ವರ್ಷವರ್ಷವೂ ಅದನ್ನು ನವೀಕರಿಸುತ್ತಿದ್ದವಳು ಅವಳೇ.

ಅವಳ ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಅದನ್ನು ನವೀಕರಿಸಿಕೊಡಿ ಎಂದೆ.

"ನಿಮ್ಮ ಪ್ರೋಗ್ರಾಮ್ನಲ್ಲಿ ಅದನ್ನ ಚೆಕ್ ಮಾಡೋ ಸಾಲು ತೆಗೆದ್ಬುಡಿ ಮೇಷ್ಟ್ರೇ. ಸೋಮವಾರ ಆ ಮಿಷನ್ನಲ್ಲಿರೋದೆಲ್ಲ ಅಳಿಸ್ತೀವಿ."

"ಆ ಸಾಲು ತೆಗೀಬಾರದು ಅಂತ ಕಂಪ್ಯೂಟರ್ ಕ್ಲಾಸಲ್ಲಿ ಮಕ್ಕಳಿಗೆ ಹೇಳಿಕೊಡೋನೇ ನಾನು ಸಾರ್."

"ಮೇಡಂ ಪಾಠ ಕದಿಯೋಕೆ ಯಾವನ್ ಬತ್ತಾನೆ, ಬುಡಿ!"

ತೆಗೆದೆ. ಪಾಠಗಳು ಒಂದೊಂದಾಗಿ ಬಂದವು. ಮೊದಲನೆಯದರಲ್ಲೇ ಅವಳು ಮಕ್ಕಳನ್ನು ಗದರುತ್ತಿದ್ದಳು: "ಉತ್ತರ ಬಂತು ಅಂತ ಕುಣೀಬ್ಯಾಡ್ರೋ, ತಾಳೆ ನೋಡಿದ್ರಾ?"

ನಾನು ನೋಡಿರಲಿಲ್ಲ. ಕ್ಲಾಸಿನಲ್ಲಿ ಆ ಸಾಲು ತೆಗೆಯಬಾರದೆಂಬ ನಿಯಮವನ್ನು ಈಗಲೂ ಹೇಳಿಕೊಡುತ್ತೇನೆ, ಬೋರ್ಡಿನ ಕಡೆ ತಿರುಗಿಕೊಂಡು.